ಪಿಪಿಎಫ್ ಅವಧಿ ಮುಗಿಯಿತು, ಮನೆ ಸಾಲ ಮುಗಿದಿಲ್ಲ

2025ರ ಏಪ್ರಿಲ್ 1ಕ್ಕೆ ನನ್ನ ಪಿಪಿಎಫ್ ಖಾತೆಯ (ಸರ್ಕಾರದ ಹದಿನೈದು ವರ್ಷದ ಉಳಿತಾಯ ಯೋಜನೆ) ಅವಧಿ ಮುಗಿಯಿತು. ಒಳಗೆ 14 ಲಕ್ಷ ಇತ್ತು. ಆ ಕಡೆ ಮನೆ ಸಾಲ ಇನ್ನೂ 28 ಲಕ್ಷ ಬಾಕಿ. ಪಿಪಿಎಫ್ ದುಡ್ಡಿಗೆ 7.1 ಬಡ್ಡಿ, ಅದಕ್ಕೆ ತೆರಿಗೆ ಇಲ್ಲ. ಸಾಲಕ್ಕೆ ನಾನು ಕಟ್ಟುವ ಬಡ್ಡಿ ಆ ವರ್ಷದ ಜೂನ್‌ನಲ್ಲಿ ದರ ಇಳಿದ ನಂತರ 8.25. ತೆಗೆದು ಸಾಲಕ್ಕೆ ತುಂಬೋದಾ, ಅಲ್ಲೇ ಬಿಡೋದಾ? ಕೇಳೋಕೆ ಎರಡು ನಿಮಿಷದ ಪ್ರಶ್ನೆ. ನಮ್ಮ ಮನೆಯಲ್ಲಿ ಇದು ಜುಲೈ ಕೊನೆಯವರೆಗೂ ಎಳೆಯಿತು.

ಖಾತೆಯ ಕಥೆ ಮೊದಲು ಹೇಳಿಬಿಡುತ್ತೇನೆ. ತೆರೆದದ್ದು 2010ರ ಜನವರಿಯಲ್ಲಿ, ಆಗಿನ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. ಹದಿನೈದು ವರ್ಷ ಅನ್ನುವುದನ್ನು ಖಾತೆ ತೆರೆದ ದಿನದಿಂದ ಎಣಿಸಲ್ಲ, ಆ ಆರ್ಥಿಕ ವರ್ಷ ಮುಗಿದ ಮೇಲೆ ಎಣಿಸುತ್ತಾರೆ, ಹಾಗಾಗಿ 2025ರ ಏಪ್ರಿಲ್. ಆಗ ಬಡ್ಡಿ 8 ಇತ್ತು, ವರ್ಷಕ್ಕೆ ಗರಿಷ್ಠ 70 ಸಾವಿರ ಕಟ್ಟಬಹುದಿತ್ತು. ಈಗ ಆ ಮಿತಿ ಒಂದೂವರೆ ಲಕ್ಷ. 2017ರಲ್ಲಿ ಮೈಸೂರು ಬ್ಯಾಂಕ್ ಎಸ್‌ಬಿಐ ಜೊತೆ ಸೇರಿಹೋಯಿತು, ನನ್ನ ಹಳೇ ಪಾಸ್‌ಬುಕ್ಕಿನ ಮೇಲೆ ಮಾತ್ರ ಇನ್ನೂ ಅದೇ ಹೆಸರಿದೆ. ಬಡ್ಡಿ ಒಂದು ಕಾಲಕ್ಕೆ 8.8ರವರೆಗೆ ಏರಿತ್ತು, ಆಮೇಲೆ ಇಳಿದೂ ಇಳಿದೂ 2020ರ ಏಪ್ರಿಲ್‌ನಿಂದ 7.1ರಲ್ಲೇ ಕೂತಿದೆ. ನಮ್ಮ ಯಜಮಾನರ ಚಿಕ್ಕಪ್ಪ ಒಬ್ಬರಿದ್ದಾರೆ, ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಪಿಪಿಎಫ್ ಅಂದರೆ ಸಾಕು, "ನಮ್ಮ ಕಾಲದಲ್ಲಿ 12 ಪರ್ಸೆಂಟಮ್ಮ" ಅಂತ ಶುರು ಮಾಡುತ್ತಾರೆ. ಅವರು ಹೇಳೋದು ನಿಜ, 1986ರಿಂದ 2000ದ ಜನವರಿವರೆಗೂ 12 ಇತ್ತು. ಆದರೆ ಅದರಿಂದ ನನಗೇನು ಪ್ರಯೋಜನ ಹೇಳಿ.

ಸಾಲದ್ದು ಬೇರೆ ಕಥೆ. ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ ಮನೆ ಕಟ್ಟಿಸಿದಾಗ, 2021ರ ಆಗಸ್ಟ್‌ನಲ್ಲಿ, 30 ಲಕ್ಷ ತೆಗೆದುಕೊಂಡೆವು. ಇಪ್ಪತ್ತು ವರ್ಷಕ್ಕೆ, 6.75 ಬಡ್ಡಿಗೆ. ಕಂತು 22,811. ರೆಪೊ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಆಗ 4 ಇತ್ತು, ಅದರ ಮೇಲೆ ಬ್ಯಾಂಕಿನವರದ್ದು 2.75. ಇಷ್ಟು ಕಡಿಮೆಗೆ ಮನೆ ಸಾಲ ಮತ್ತೆ ಸಿಗಲ್ಲ ಅಂತ ಎಲ್ಲರೂ ಹೇಳಿದರು. ಸಿಗಲೂ ಇಲ್ಲ, ಇದ್ದದ್ದೂ ಉಳಿಯಲಿಲ್ಲ. 2022ರ ಮೇ ತಿಂಗಳಲ್ಲಿ ಆರ್‌ಬಿಐ ಏರಿಸೋಕೆ ಶುರು ಮಾಡಿದ್ದು 2023ರ ಫೆಬ್ರವರಿ ಹೊತ್ತಿಗೆ ರೆಪೊ 6.5ಕ್ಕೆ ಹೋಗಿ ನಿಂತಿತು. ನಮ್ಮ ದರ 9.25.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಸಾಲದ ಲೆಕ್ಕ ಕಲಿತದ್ದೇ ಇಲ್ಲಿಂದ. ಬಡ್ಡಿ ಏರಿದಾಗ ಬ್ಯಾಂಕು ಕಂತು ಏರಿಸಲಿಲ್ಲ. ತಿಂಗಳು ತಿಂಗಳೂ ಅದೇ 22,811 ಹೋಗುತ್ತಿತ್ತು, ಯಾರಿಗೂ ಏನೂ ಅನ್ನಿಸಲಿಲ್ಲ. ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ಆ 22,811ರಲ್ಲಿ ಬಡ್ಡಿಗೇ 22,400ಕ್ಕೂ ಮೇಲೆ ಹೋಗಿತ್ತು, ಅಸಲಿಗೆ ಹೋದದ್ದು ನಾನೂರು ರೂಪಾಯಿಗಿಂತ ಕಡಿಮೆ! ಬಾಕಿ ಕಂತುಗಳ ಸಂಖ್ಯೆ ಐನೂರು ದಾಟಿತ್ತು. ಅಂದರೆ ನಲವತ್ತು ವರ್ಷಕ್ಕೂ ಮೇಲೆ. ಮನೆ ಸಾಲ ತೀರುವ ಹೊತ್ತಿಗೆ ನನಗೆ ಎಂಬತ್ತು ದಾಟಿರುತ್ತದೆ ಅಂತ ಯಜಮಾನರಿಗೆ ಹೇಳಿದಾಗ ಅವರು ಕಾಗದ ಕಿತ್ತುಕೊಂಡು ಎರಡು ಸಲ ಓದಿದರು. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು: ಬಡ್ಡಿ ಬದಲಾದಾಗ ಕಂತು ಏರಿಸಬೇಕಾ, ಅವಧಿ ಏರಿಸಬೇಕಾ ಅಂತ ಸಾಲಗಾರರಿಗೆ ಆಯ್ಕೆ ಕೊಡಬೇಕು, ಸುಮ್ನೆ ತಾವೇ ಮಾಡಿಕೊಳ್ಳುವ ಹಾಗಿಲ್ಲ. ಅದು ಜಾರಿಗೆ ಬಂದ ಮೇಲೆ ನಾವು ಅರ್ಜಿ ಕೊಟ್ಟು ಕಂತನ್ನು 28,000ಕ್ಕೆ ಏರಿಸಿಕೊಂಡೆವು. ಅಲ್ಲಿಂದ ಅಸಲು ಸ್ವಲ್ಪ ಸ್ವಲ್ಪ ಕರಗೋಕೆ ಶುರುವಾಯಿತು.

ಹಾಗಾಗಿ ಪಿಪಿಎಫ್ ಅವಧಿ ಮುಗಿದಾಗ ಯಜಮಾನರದ್ದು ಒಂದೇ ಮಾತು. "ಹದಿನಾಲ್ಕೂ ಲಕ್ಷ ತಗೊಂಡೋಗಿ ಕಟ್ಟಿಬಿಡು. ಮನೆ ಪತ್ರ ಮನೇಲಿರಬೇಕು." ಅವರು ಮಂಡ್ಯದಲ್ಲಿ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ದಿನಾ ರೈಲಿನಲ್ಲಿ ಓಡಾಟ. ಸಾಲ ಅಂದರೆ ಅವರಿಗೆ ಆಗಲ್ಲ, ಕ್ರೆಡಿಟ್ ಕಾರ್ಡ್ ಕೂಡ ಇಟ್ಟುಕೊಂಡಿಲ್ಲ. ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವಳು, ವರ್ಷಕ್ಕೆ 12 ಲಕ್ಷ ಸಂಬಳ. ನನಗೆ ಕೆಲಸ ಹೋದರೆ ಏನು ಅನ್ನುವ ಯೋಚನೆಯೇ ಮೊದಲು ಬರುತ್ತದೆ. ಆಫೀಸಿನಲ್ಲಿ ಒಬ್ಬರು, "ಎರಡೂ ಬೇಡ ಮೇಡಂ, ಮ್ಯೂಚುವಲ್ ಫಂಡಿಗೆ ಹಾಕಿ" ಅಂದರು. ಅದು ಬೇರೆ ಪ್ರಶ್ನೆ. ಅಲ್ಲಿ ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡಲ್ಲ, ನನ್ನ ಎದುರಿಗೆ ಇದ್ದ ಎರಡೂ ದಾರಿಯಲ್ಲಿ ಲೆಕ್ಕ ಇವತ್ತೇ ಗೊತ್ತಿತ್ತು. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಅಪ್ಪನನ್ನು ಕೇಳಿದೆ. ನಮ್ಮ ಊರು ಪಾಂಡವಪುರದ ಹತ್ತಿರ, ಅಪ್ಪ ಕಬ್ಬು ಬೆಳೆಯುತ್ತಾರೆ. ಅಪ್ಪನೂ "ಮೊದ್ಲು ಸಾಲ ತೀರ್ಸು" ಅಂತಲೇ ಹೇಳುತ್ತಾರೆ ಅಂದುಕೊಂಡು ಹೋದರೆ ಅವರು ಕೇಳಿದ್ದು ಬೇರೆ.

"ನಿನ್ ಸಾಲಕ್ಕೆ ಬಡ್ಡಿ ಎಷ್ಟವ್ವ? ಮಡಗಿರೋ ದುಡ್ಡಿಗೆ ಎಷ್ಟು ಬತ್ತದೆ?"

ಹೇಳಿದೆ. ಅವರು ತಮ್ಮದನ್ನು ಹೇಳಿದರು. ಸಹಕಾರ ಸಂಘದ ಬೆಳೆ ಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿ ಇಲ್ಲ, ಮೊದಲು 3 ಲಕ್ಷದವರೆಗೆ ಇದ್ದದ್ದನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಿದರು. ಗಡುವಿನೊಳಗೆ ಕಟ್ಟಬೇಕು ಅಷ್ಟೆ. "ಸೊಸೈಟಿ ಸಾಲನ ಕಡೇ ದಿನ ಕಟ್ತೀನಿ ಕಣವ್ವ. ಒಂದು ದಿನ ತಡಾನೂ ಮಾಡಕಿಲ್ಲ, ಒಂದು ದಿನ ಮುಂಚೇನೂ ಕಟ್ಟಕಿಲ್ಲ. ಅಲ್ಲೀಗಂಟ ಆ ದುಡ್ಡು ಬ್ಯಾಂಕಲ್ಲಿ ಎಫ್‌ಡಿ ಇರ್ತದೆ. ಒಡವೆ ಸಾಲ ಮಾತ್ರ ಕಬ್ಬಿನ ದುಡ್ಡು ಬಂದ್ ದಿನಾನೇ ಬಿಡಿಸ್ಕೊಂಬತ್ತೀನಿ." ನನಗೆ ನಗು ಬಂತು. ಇಷ್ಟು ವರ್ಷ ಅಪ್ಪ ಸಾಲಕ್ಕೆ ಹೆದರುವವರು ಅಂದುಕೊಂಡಿದ್ದೆ, ಅವರು ಬಡ್ಡಿ ನೋಡಿಕೊಂಡು ಸಾಲ ಆಡಿಸುವವರು! ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. "ಎಲ್ಲಾನೂ ಸುರೀಬ್ಯಾಡ. ನಾಳೆ ಬೋರ್ ಕೆಟ್ರೆ ಮೋಟ್ರು ಎತ್ಸಕ್ಕೆ ದುಡ್ಡು ಬ್ಯಾಡ್ವಾ?"

ನಮ್ಮ ಮನೆಗೆ ಕಾವೇರಿ ನೀರು ಬರುತ್ತದೆ, ಆದರೆ ಮಾತು ಅರ್ಥವಾಯಿತು.

ಆ ಭಾನುವಾರ ಎಕ್ಸೆಲ್ ತೆಗೆದು ಕೂತೆ. ಮೊದಲ ಲೆಕ್ಕ ಹೀಗೆ. 28 ಲಕ್ಷ ಬಾಕಿ, 8.25 ಬಡ್ಡಿ, 28,000 ಕಂತು. ಏನೂ ಮಾಡದೆ ಹೀಗೇ ಕಟ್ಟಿಕೊಂಡು ಹೋದರೆ ಸಾಲ ತೀರೋಕೆ ಹದಿನಾಲ್ಕು ವರ್ಷ ಎರಡು ತಿಂಗಳು, ಒಟ್ಟು ಬಡ್ಡಿ ಹತ್ತಿರ ಹತ್ತಿರ 19.5 ಲಕ್ಷ. 14 ಲಕ್ಷ ಈಗಲೇ ಕಟ್ಟಿದರೆ ಐದು ವರ್ಷ ಎರಡು ತಿಂಗಳಿಗೆ ಮುಗಿಯುತ್ತದೆ, ಬಡ್ಡಿ ಬರೀ 3.2 ಲಕ್ಷ. ಅಂದರೆ 16 ಲಕ್ಷ ಉಳಿತಾಯ. ಯಜಮಾನರು ಹಿಂದೆ ನಿಂತು ನೋಡುತ್ತಿದ್ದವರು "ನೋಡಿದ್ಯಾ?" ಅಂದರು.

ಆಮೇಲೆ ಇನ್ನೊಂದು ಕಡೆಯ ಲೆಕ್ಕ. ಅದೇ 14 ಲಕ್ಷ ಪಿಪಿಎಫ್‌ನಲ್ಲೇ 7.1ಕ್ಕೆ ಹದಿನಾಲ್ಕು ವರ್ಷ ಎರಡು ತಿಂಗಳು ಇದ್ದರೆ ಸುಮಾರು 37 ಲಕ್ಷ ಆಗುತ್ತದೆ. ಅಂದರೆ 23 ಲಕ್ಷ ಲಾಭ. ಒಂದು ರೂಪಾಯಿ ತೆರಿಗೆ ಇಲ್ಲ. 16 ಲಕ್ಷ ಉಳಿಸೋದಾ, 23 ಲಕ್ಷ ಗಳಿಸೋದಾ? ಈ ಸಲ ಯಜಮಾನರು ಸುಮ್ಮನಾದರು.

ಇದು ವಿಚಿತ್ರ ಅಲ್ವಾ? 8.25 ಬಡ್ಡಿಯ ಸಾಲ ತೀರಿಸುವುದಕ್ಕಿಂತ 7.1 ಬಡ್ಡಿಯ ಉಳಿತಾಯ ಹೇಗೆ ಮೇಲಾಗುತ್ತದೆ? ಎಲ್ಲರೂ ಎಡವುವುದು ಇದೇ ಜಾಗದಲ್ಲಿ, ಹೂಡಿಕೆ ಮಾರುವವರು ತೋರಿಸುವುದೂ ಇದೇ ಎರಡು ಅಂಕಿಗಳನ್ನು. ಎರಡು ಲೆಕ್ಕವೂ ಸರಿ, ಹೋಲಿಕೆ ಸರಿಯಿಲ್ಲ. ಸಾಲ ಐದು ವರ್ಷಕ್ಕೇ ಮುಗಿದರೆ ಅಲ್ಲಿಂದ ಮುಂದೆ ತಿಂಗಳಿಗೆ 28,000 ಕೈಯಲ್ಲಿ ಉಳಿಯುತ್ತದೆ. ಒಂದೆರಡು ತಿಂಗಳಲ್ಲ, ಒಂಬತ್ತು ವರ್ಷ. ಆ ದುಡ್ಡು ಎಲ್ಲಿ ಹೋಯಿತು? ಮೊದಲ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ. ಅದನ್ನೂ 7.1ಕ್ಕೇ ಕೂಡಿಡುತ್ತಾ ಹೋದರೆ (ಇಬ್ಬರ ಪಿಪಿಎಫ್ ಸೇರಿ ವರ್ಷಕ್ಕೆ 3 ಲಕ್ಷ ಹಾಕಬಹುದು, ಇದು 3.36 ಲಕ್ಷ, ಚೂರು ಹೊರಗೆ ಉಳಿಯುತ್ತದೆ, ಇರಲಿ) ಅದೇ ಹದಿನಾಲ್ಕು ವರ್ಷ ಎರಡು ತಿಂಗಳ ಕೊನೆಗೆ ಸುಮಾರು 42 ಲಕ್ಷ ಆಗುತ್ತದೆ. ಆ ಕಡೆ 37, ಈ ಕಡೆ 42. ಎರಡರಲ್ಲೂ ಸಾಲ ಸೊನ್ನೆ. ಈಗ ಹೋಲಿಕೆ ಸರಿಯಾಯಿತು, ಜಾಸ್ತಿ ಬಡ್ಡಿಯ ಸಾಲ ಮೊದಲು ತೀರಿಸಿದ್ದೇ ಮೇಲು, ಅಪ್ಪ ಎಕ್ಸೆಲ್ ಇಲ್ಲದೆ ಹೇಳಿದ ಹಾಗೆ.

ಆದರೆ ಒಂದು ಷರತ್ತು. ಆ 28,000ವನ್ನು ಒಂಬತ್ತು ವರ್ಷ ನಿಜವಾಗಲೂ ಕೂಡಿಡಬೇಕು. ಕಾರಿಗೆ, ಪ್ರವಾಸಕ್ಕೆ, ದಸರಾ ಆಫರಿನಲ್ಲಿ ಟಿವಿಗೆ ಹೋದರೆ ಈ 42 ಬರೀ ಎಕ್ಸೆಲ್ ಹಾಳೆಯಲ್ಲೇ ಇರುತ್ತದೆ. ಪಿಪಿಎಫ್‌ನಲ್ಲಿರುವ ದುಡ್ಡಿಗೆ ಆ ಭಯ ಕಡಿಮೆ.

ಇನ್ನೊಂದು ಸಣ್ಣ ವಿಷಯ. ಸಾಲದ ಬಡ್ಡಿ ತಿಂಗಳಿಗೊಮ್ಮೆ ಸೇರುತ್ತದೆ, ಪಿಪಿಎಫ್ ಬಡ್ಡಿ ವರ್ಷಕ್ಕೊಮ್ಮೆ ಮಾರ್ಚ್ 31ಕ್ಕೆ ಸೇರುತ್ತದೆ. ಹಾಗಾಗಿ ವರ್ಷದ ಲೆಕ್ಕಕ್ಕೆ ತಂದರೆ 8.25 ಅನ್ನೋದು 8.57 ಆಗುತ್ತದೆ. 7.1 ಮಾತ್ರ 7.1 ಆಗಿಯೇ ಇರುತ್ತದೆ. ಅಂತರ ನೋಡಿದ್ದಕ್ಕಿಂತ ಸ್ವಲ್ಪ ದೊಡ್ಡದೇ.

ತೆರಿಗೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಕೊನೆಗೆ ತಕ್ಕಡಿ ವಾಲಿದ್ದು ಇದರಿಂದಲೇ. "ಮನೆ ಸಾಲ ಇದ್ರೆ ಟ್ಯಾಕ್ಸ್ ಉಳಿಯುತ್ತೆ, ತೀರಿಸ್ಬೇಡಿ" ಅಂತ ಈಗಲೂ ಹೇಳುವವರು ತುಂಬಾ ಜನ. ಆದಾಯ ತೆರಿಗೆಗೆ ಹಳೇದು, ಹೊಸದು ಅಂತ ಎರಡು ಪದ್ಧತಿ, ಒಂದನ್ನು ನಾವು ಆರಿಸಿಕೊಳ್ಳಬಹುದು; ಹಳೇ ಪದ್ಧತಿಯಲ್ಲಿ ಅದು ನಿಜ. ನಾವೇ ವಾಸ ಇರುವ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಆದಾಯದಿಂದ ಕಳೆಯಬಹುದು. ನಾನು 20 ಪರ್ಸೆಂಟ್ ಹಂತದಲ್ಲಿದ್ದೆ, ಸೆಸ್ ಸೇರಿ ವರ್ಷಕ್ಕೆ 41,600 ಉಳಿಯುತ್ತಿತ್ತು. ಅದನ್ನು ಬಡ್ಡಿಯಿಂದ ಕಳೆದರೆ 9.25ರ ಸಾಲ ನನ್ನ ಪಾಲಿಗೆ 7.8ರ ಹಾಗೆ ಆಗುತ್ತಿತ್ತು. 30 ಪರ್ಸೆಂಟ್ ಹಂತದವರಿಗೆ ಉಳಿತಾಯ 62,400, ಅವರಿಗೆ ಇದೇ ಸಾಲ ಸರಿಯಾಗಿ 7.1ರ ಹತ್ತಿರ ಬಂದು ನಿಲ್ಲುತ್ತಿತ್ತು, ಅಂದರೆ ಪಿಪಿಎಫ್‌ಗೆ ಸಮ. ಅಂಥವರು ಬೇಗ ತೀರಿಸಿ ಗಳಿಸುವುದು ಏನೂ ಇರಲಿಲ್ಲ.

ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಆ 2 ಲಕ್ಷದ ಕಡಿತ ಇಲ್ಲ. 80ಸಿ, ಅಂದರೆ ಪಿಪಿಎಫ್‌ನಂಥ ಉಳಿತಾಯಕ್ಕೆ ಸಿಗುವ ಕಡಿತ, ಅದೂ ಇಲ್ಲ. 2024-25ರಲ್ಲಿ ನನಗೆ ಎರಡೂ ಪದ್ಧತಿ ಹತ್ತಿರ ಹತ್ತಿರ ಇತ್ತು: ಹಳೆಯದರಲ್ಲಿ 75,400, ಹೊಸದರಲ್ಲಿ 71,500. 2025ರ ಬಜೆಟ್ ಬಂದ ಮೇಲೆ ಮಾತೇ ಮುಗಿಯಿತು. 12 ಲಕ್ಷದವರೆಗೆ, ಸಂಬಳದವರಿಗೆ 75 ಸಾವಿರ ಸೇರಿಸಿ 12.75 ಲಕ್ಷದವರೆಗೆ, ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಸೊನ್ನೆ ತೆರಿಗೆ ಕಟ್ಟುವವಳಿಗೆ ಸಾಲದ ಬಡ್ಡಿ ತೋರಿಸಿ ಉಳಿಸೋಕೆ ಏನಿದೆ? ನನ್ನ ಸಾಲದ ಬಡ್ಡಿ ಈಗ ಪೂರ್ತಿ ನನ್ನದೇ, ಸರ್ಕಾರ ಅದರಲ್ಲಿ ಒಂದು ಪೈಸೆ ಹೊರುವುದಿಲ್ಲ. ಮೊದಲು 7.8 ಮತ್ತು 7.1ರ ನಡುವೆ ಇದ್ದ ಜಗಳ ಈಗ 8.25 ಮತ್ತು 7.1ರ ನಡುವಿನದ್ದಾಯಿತು. ಸಾಲದ ದರ ಇಳಿದರೂ ನನ್ನ ಪಾಲಿಗೆ ಸಾಲ ದುಬಾರಿಯಾಯಿತು.

ಪಿಪಿಎಫ್ ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ. ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ನನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು 80ಸಿ ಹೋಯಿತು ಅಂದರೆ ಪಿಪಿಎಫ್ ಬಡ್ಡಿಗೂ ತೆರಿಗೆ ಬಿತ್ತು ಅಂತ ಖಾತೆ ಕಡೆ ಹೋಗೋದನ್ನೇ ನಿಲ್ಲಿಸಿದ್ದಳು. ಹೋಗಿರುವುದು ಕಟ್ಟುವಾಗ ಸಿಗುತ್ತಿದ್ದ ಕಡಿತ. ಬರುವ ಬಡ್ಡಿ, ಕೊನೆಗೆ ತೆಗೆಯುವ ಮೊತ್ತ, ಎರಡಕ್ಕೂ ತೆರಿಗೆ ಇಲ್ಲದ್ದು ಹಾಗೇ ಇದೆ.

ಇಷ್ಟಾದ ಮೇಲೆ ಹದಿನಾಲ್ಕೂ ಲಕ್ಷ ಕಟ್ಟಬೇಕಿತ್ತು ತಾನೇ? ಲೆಕ್ಕ ಹೇಳೋದು ಅದನ್ನೇ. ನಾನು ಒಪ್ಪಲಿಲ್ಲ. ಸಾಲಕ್ಕೆ ಹೋದ ದುಡ್ಡು ವಾಪಸ್ ಬರಲ್ಲ. ಬೇಕಾದರೆ ಟಾಪ್-ಅಪ್ ಸಾಲ ಕೇಳಬಹುದು, ಆದರೆ ಅದಕ್ಕೆ ಬಡ್ಡಿ ಜಾಸ್ತಿ, ಮತ್ತೆ ಸಂಬಳದ ಚೀಟಿ ಕೊಡಬೇಕು. ಕೆಲಸ ಹೋದಾಗಲೇ ದುಡ್ಡು ಬೇಕಾಗೋದು, ಆಗಲೇ ಸಂಬಳದ ಚೀಟಿ ಇರಲ್ಲ! ಓವರ್‌ಡ್ರಾಫ್ಟ್ ಥರದ ಮನೆ ಸಾಲ ಇರುತ್ತದೆ, ಹೆಚ್ಚಿಗೆ ಹಾಕಿದ್ದನ್ನು ವಾಪಸ್ ತೆಗೆಯಬಹುದು, ವಿಚಾರಿಸಿದೆ. ನಮ್ಮ ಬ್ಯಾಂಕಿನಲ್ಲಿ ಅದಕ್ಕೆ ಬದಲಾಯಿಸಿಕೊಳ್ಳಲು ಶುಲ್ಕ, ದರವೂ ಸ್ವಲ್ಪ ಮೇಲೆ. ಕೈಬಿಟ್ಟೆ.

ನಮ್ಮ ಮನೆಯಲ್ಲಿ ಮಗಳು ಎರಡನೇ ಪಿಯು. ಮುಂದಿನ ವರ್ಷ ಸಿಇಟಿ, ಸರ್ಕಾರಿ ಸೀಟು ಸಿಕ್ಕರೆ ಒಂದು ಫೀಸು, ಸಿಗದಿದ್ದರೆ ಇನ್ನೊಂದು. ಅವಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದೆ, 2015ರಲ್ಲಿ ಯೋಜನೆ ಶುರುವಾದ ವರ್ಷವೇ ಮಾಡಿಸಿದ್ದು. ಅದಕ್ಕೆ 8.2 ಬಡ್ಡಿ, ಅದೂ ತೆರಿಗೆ ಇಲ್ಲದೆ. ಅದರ ತಂಟೆಗೆ ಹೋಗಲಿಲ್ಲ, ಕಟ್ಟೋದನ್ನೂ ನಿಲ್ಲಿಸಲಿಲ್ಲ. ಓದಿಗೆ ಬೇಕಾದರೆ ಅದರಲ್ಲಿ ಅರ್ಧ ತೆಗೆಯಬಹುದು. ಅತ್ತೆಯ ಮಂಡಿ ನೋವು ಒಂದು ಇದೆ, ಆಪರೇಷನ್ ಇವತ್ತಲ್ಲ ನಾಳೆ ಅಂತ ವೈದ್ಯರು ಹೇಳುತ್ತಲೇ ಇದ್ದಾರೆ.

ಇಲ್ಲಿ ನನಗೆ ನೆರವಾಗಿದ್ದು ಪಿಪಿಎಫ್‌ನ ಒಂದು ನಿಯಮ, ತುಂಬಾ ಜನ ಇದನ್ನು ಗಮನಿಸಿಯೇ ಇರುವುದಿಲ್ಲ. ಹದಿನೈದು ವರ್ಷ ಮುಗಿದ ಮೇಲೆ ಖಾತೆಗೆ ಮೂರು ದಾರಿ. ಪೂರ್ತಿ ತೆಗೆದು ಮುಚ್ಚಬಹುದು. ಒಂದು ವರ್ಷದೊಳಗೆ ನಮೂನೆ 4 ಕೊಟ್ಟು ಐದು ವರ್ಷಕ್ಕೆ ಮುಂದುವರಿಸಿ ದುಡ್ಡು ಕಟ್ಟುತ್ತಾ ಹೋಗಬಹುದು, ಆಗ ಆ ಐದು ವರ್ಷದಲ್ಲಿ ಒಟ್ಟು 60 ಪರ್ಸೆಂಟ್‌ವರೆಗೆ ಮಾತ್ರ ತೆಗೆಯಬಹುದು, ವರ್ಷಕ್ಕೊಂದು ಸಲ. ಮೂರನೆಯದು, ಏನೂ ಕಟ್ಟದೆ ಹಾಗೇ ಬಿಡೋದು. ಬಡ್ಡಿ ಅದೇ 7.1, ತೆರಿಗೆ ಇಲ್ಲ, ವರ್ಷಕ್ಕೊಂದು ಸಲ ಎಷ್ಟು ಬೇಕಾದರೂ ತೆಗೆಯಬಹುದು. ಅಂದರೆ ಹೊಸ ಪಿಪಿಎಫ್ ಖಾತೆಗೂ ಅವಧಿ ಮುಗಿದ ಪಿಪಿಎಫ್ ಖಾತೆಗೂ ಅಜಗಜಾಂತರ. ಹೊಸದರಲ್ಲಿ ದುಡ್ಡು ಏಳನೇ ವರ್ಷದವರೆಗೂ ಬಹುತೇಕ ಸಿಕ್ಕಿಹಾಕಿಕೊಂಡಿರುತ್ತದೆ. ಹಳೆಯದು ಎಫ್‌ಡಿಗಿಂತ ಚೆನ್ನಾಗಿರುವ ಆಪತ್ಕಾಲದ ನಿಧಿ. ಇಂಥದ್ದನ್ನು ಪೂರ್ತಿ ಮುಚ್ಚಿಬಿಟ್ಟರೆ ಮತ್ತೆ ಅಲ್ಲಿಗೆ ಬರೋಕೆ ಇನ್ನೊಂದು ಹದಿನೈದು ವರ್ಷ ಬೇಕು. ಒಂದು ಎಚ್ಚರಿಕೆ: ಕಟ್ಟದೆ ಒಂದು ವರ್ಷ ದಾಟಿತು ಅಂದರೆ ಆ ಖಾತೆಗೆ ಮತ್ತೆ ದುಡ್ಡು ಕಟ್ಟೋಕೆ ಆಗಲ್ಲ. ನಮೂನೆ 4 ಕೊಡದೆ ಸುಮ್ನೆ ದುಡ್ಡು ಹಾಕಿದರೆ ಅದಕ್ಕೆ ಬಡ್ಡಿ ಬರಲ್ಲ.

ಮೂರನೆಯದನ್ನೇ ಆರಿಸಿಕೊಂಡೆ. 8 ಲಕ್ಷ ತೆಗೆದು ಸಾಲಕ್ಕೆ, 6 ಲಕ್ಷ ಅಲ್ಲೇ. ವರ್ಷಕ್ಕೆ ಒಂದೇ ಸಲ ತೆಗೆಯುವ ಅವಕಾಶ ಆದ್ದರಿಂದ ಮೊತ್ತ ಒಂದೇ ಸಲಕ್ಕೆ ತೀರ್ಮಾನ ಆಗಬೇಕಿತ್ತು, ಯಜಮಾನರು 10 ಅಂದರು, ನಾನು 7 ಅಂದೆ. ಮನೆ ಖರ್ಚು, ಕಂತು ಎಲ್ಲಾ ಸೇರಿ ಒಂದು ವರ್ಷ ನನ್ನ ಸಂಬಳ ಇಲ್ಲದೆ ಹೇಗೋ ದಾಟೋಕೆ 6 ಲಕ್ಷ ಬೇಕು, ಯಜಮಾನರ ಸಂಬಳ ಜೊತೆಗಿದ್ದರೆ. ಅಲ್ಲಿಂದ 8 ಬಂತು. ಯಜಮಾನರ ಹೆಸರಿನಲ್ಲಿ ಇನ್ನೊಂದು ಪಿಪಿಎಫ್ ಇದೆ, ಇನ್ನೂ ಚಿಕ್ಕದು, ಅದಕ್ಕೆ ವರ್ಷಕ್ಕೆ ಕನಿಷ್ಠ 500 ಕಟ್ಟಿ ಜೀವ ಉಳಿಸಿಕೊಳ್ಳುತ್ತಿದ್ದೇವೆ.

ತೆಗೆಯುವ ದಿನದ ಬಗ್ಗೆಯೂ ಒಂದು ಮಾತು. ಪಿಪಿಎಫ್‌ನಲ್ಲಿ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ ಇರುವ ಅತಿ ಕಡಿಮೆ ಮೊತ್ತಕ್ಕೆ ಆ ತಿಂಗಳ ಬಡ್ಡಿ. ಜುಲೈ 30ಕ್ಕೆ ತೆಗೆದರೂ ಜುಲೈ ಪೂರ್ತಿ ಬಡ್ಡಿ ಹೋಗುತ್ತದೆ, 8 ಲಕ್ಷಕ್ಕೆ ಅದು ಸುಮಾರು 4,700 ರೂಪಾಯಿ. ಆಗಸ್ಟ್ 1ಕ್ಕೆ ತೆಗೆದರೆ ಜುಲೈ ಬಡ್ಡಿ ಸಿಗುತ್ತದೆ. ಆ ಕಡೆ ಸಾಲದ ಬಡ್ಡಿ ದಿನದ ಲೆಕ್ಕ, 8 ಲಕ್ಷಕ್ಕೆ ದಿನಕ್ಕೆ 180 ರೂಪಾಯಿ. ಹಾಗಾಗಿ ತಿಂಗಳ ಮೊದಲಿಗೆ ಇಲ್ಲಿ ತೆಗೆದು ತಡಮಾಡದೆ ಅಲ್ಲಿ ಕಟ್ಟಬೇಕು.

ಆದರೆ ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ ಹಬ್ಬ. ಅತ್ತೆಗೆ ವಿಷಯ ಗೊತ್ತಾಗಿ, "ಲಕ್ಷ್ಮೀನ ಕೂರಿಸೋ ವಾರಾನೇ ಎಂಟು ಲಕ್ಷ ಮನೆಯಿಂದ ಆಚೆ ಕಳಿಸ್ತೀಯೇನಮ್ಮ?" ಅಂದರು. "ಅತ್ತೆ, ಲಕ್ಷ್ಮಿ ಆಚೆ ಹೋಗ್ತಿಲ್ಲ, ಸಾಲ ಹೋಗ್ತಿದೆ" ಅಂದೆ. ಒಪ್ಪಿದರೋ ಇಲ್ಲವೋ, ಹಬ್ಬದ ಕಳಶದ ಮುಂದೆ ಆ ಸಲ ನೋಟಿನ ಕಂತೆ ಜೊತೆಗೆ ಪಿಪಿಎಫ್ ಪಾಸ್‌ಬುಕ್ಕೂ ಇತ್ತು. ಅವರೇ ಇಟ್ಟದ್ದು.

ಸಾಲ ಇದ್ದ ಬ್ಯಾಂಕಿನಲ್ಲಿ ಕೆಲಸ ಅಷ್ಟು ಸಲೀಸಾಗಿ ಆಗಲಿಲ್ಲ. ಚಲಿಸುವ ಬಡ್ಡಿ ದರದ ಮನೆ ಸಾಲ ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ, ಆರ್‌ಬಿಐ ನಿಯಮ, ಅದನ್ನು ಅವರೂ ಒಪ್ಪಿದರು. ಕೌಂಟರಿನಲ್ಲಿದ್ದ ಹುಡುಗ 8 ಲಕ್ಷ ಹಾಕಿಕೊಂಡು, "ಕಂತು ಕಡಿಮೆ ಆಗುತ್ತೆ ಮೇಡಂ, ತಿಂಗಳಿಗೆ 20 ಸಾವಿರ ಕಟ್ಟಿದ್ರೆ ಸಾಕು" ಅಂದ, ಖುಷಿಯ ಸುದ್ದಿ ಹೇಳುವ ಹಾಗೆ. 28,000ರ ಕಂತು ಅವನು ಹೇಳಿದ ಹಾಗೆ 20,000ಕ್ಕೆ ಇಳಿಸಿದರೆ ಅವಧಿ ಅದೇ ಹದಿನಾಲ್ಕು ವರ್ಷ. ನನಗೆ ಬೇಕಾಗಿದ್ದದ್ದು ಅವಧಿ ಇಳಿಯುವುದು. ಬೇಡ, ಕಂತು ಹಾಗೇ ಇರಲಿ ಅಂದೆ. ಸಿಸ್ಟಂನಲ್ಲಿ ಹಾಗೆ ಬರಲ್ಲ ಅಂದ. ಮ್ಯಾನೇಜರ್ ಹತ್ತಿರ ಹೋಗಿ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟೆ: ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಮುಂಗಡ ಕಂತಾಗಿ ಹಿಡಿಯಬೇಡಿ, ಕಂತು 28,000 ಇರಲಿ, ಅವಧಿ ಇಳಿಸಿ. ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೆ. ಸಿಸ್ಟಂನಲ್ಲಿ ಬಂತು.

ಹೊಸ ವೇಳಾಪಟ್ಟಿ ಕೈಗೆ ಸಿಕ್ಕಿದಾಗ ಯಜಮಾನರು ಊಟ ಬಿಟ್ಟು ಎದ್ದುಬಂದರು. 20 ಲಕ್ಷ ಬಾಕಿ, ಎಂಟು ವರ್ಷ ಮೂರು ತಿಂಗಳು. ಆರು ವರ್ಷದ ಹತ್ತಿರ ಕಡಿಮೆಯಾಗಿತ್ತು, ಬಡ್ಡಿಯಲ್ಲಿ ಸುಮಾರು 12 ಲಕ್ಷ. 28,000ರಲ್ಲಿ ಅಸಲಿಗೇ 14,250, ಬಡ್ಡಿಗಿಂತ ಅಸಲು ಜಾಸ್ತಿ. ಅವರು ಆ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು, ಕಾಗದವನ್ನು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾರೆ.

2025ರ ಡಿಸೆಂಬರ್‌ನಲ್ಲಿ ರೆಪೊ ಇನ್ನೂ ಕಾಲು ಇಳಿದು 5.25 ಆಯಿತು, ನಮ್ಮದು 8ಕ್ಕೆ ಬರುತ್ತದೆ. ಕಂತು ಇಳಿಸಿಕೊಳ್ಳುವುದಿಲ್ಲ. ದರ ಹೀಗೇ ಇಳಿದು 6.9ರ ಹತ್ತಿರ ಬಂದರೆ ಸಾಲ, ಪಿಪಿಎಫ್ ಎರಡೂ ಸಮ, ಆಮೇಲೆ ಮುಂಗಡ ಕಟ್ಟುವುದರಲ್ಲಿ ನನಗೆ ಆಸಕ್ತಿ ಇಲ್ಲ. ಪಿಪಿಎಫ್ ದರವನ್ನೂ ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಅದೂ ಇಳಿದರೆ ಗೆರೆಯೂ ಕೆಳಗೆ ಹೋಗುತ್ತದೆ. ಏಪ್ರಿಲ್ ಬಂದರೆ ಮತ್ತೊಂದು ಸಲ ತೆಗೆಯುವ ಅವಕಾಶ. ಯಜಮಾನರ ಕಣ್ಣು ಈಗಲೇ ಆ 6 ಲಕ್ಷದ ಮೇಲಿದೆ. ಸಿಇಟಿ ಕೌನ್ಸೆಲಿಂಗ್ ಮುಗಿದು ಮಗಳು ಯಾವ ಕಾಲೇಜು, ಎಷ್ಟು ಫೀಸು ಅಂತ ಗೊತ್ತಾಗುವವರೆಗೆ ಅದನ್ನು ಮುಟ್ಟುವ ಮಾತೇ ಇಲ್ಲ ಅಂತ ಹೇಳಿದ್ದೇನೆ.